ನೂರು ಪೇಪರ್, ಆರು ಹೆಸರು

ನಾನು ಡಾಕ್ಟರ್ ಅಲ್ಲ. ಮೆಡಿಕಲ್ ಕಾಲೇಜೊಂದರ ಲೈಬ್ರರಿಯನ್. ರಕ್ತ ಕಂಡರೆ ಈಗಲೂ ಕಾಲು ನಡುಗುತ್ತದೆ. ಆದರೂ ಮುಖದ ಪ್ಲಾಸ್ಟಿಕ್ ಸರ್ಜರಿ ಬಗ್ಗೆ ಅಚ್ಚಾದ ಒಂದು ಪೇಪರಿನಲ್ಲಿ ನನ್ನ ಹೆಸರಿದೆ. ಆರು ಹೆಸರುಗಳಲ್ಲಿ ನಾಲ್ಕನೆಯದು. ಅದು ಅಲ್ಲಿ ಹೋಗಿ ಕೂತಿದ್ದು ಹೇಗೆ ಅಂತ ಹೇಳುತ್ತೇನೆ.

2022ರ ಮಳೆಗಾಲ. ಪ್ಲಾಸ್ಟಿಕ್ ಸರ್ಜರಿ ವಿಭಾಗದ ಪಿಜಿ ಡಾಕ್ಟರೊಬ್ಬರು ಲೈಬ್ರರಿಗೆ ಬಂದರು. ರಾತ್ರಿಯೆಲ್ಲ ಆಪರೇಶನ್ ಥಿಯೇಟರಿನಲ್ಲಿ ನಿಂತಿದ್ದರಂತೆ. ತಲೆಗೂದಲ ಮೇಲೆ ಕ್ಯಾಪಿನ ಗುರುತು ಇನ್ನೂ ಹಾಗೇ ಇತ್ತು.

"ಮೇಡಂ, ಒಂದು ಟಾಪ್ ಹಂಡ್ರೆಡ್ ಮಾಡ್ಬೇಕು. ಸರ್ಚ್ ಮಾಡ್ಕೊಡ್ತೀರಾ?"

ಟಾಪ್ ಹಂಡ್ರೆಡ್ ಅಂದರೆ ಸಿನಿಮಾ ಹಾಡಲ್ಲ. ಒಂದು ವಿಷಯದ ಮೇಲೆ ಬಂದ ಪೇಪರುಗಳಲ್ಲಿ ಬೇರೆಯವರು ಅತಿ ಹೆಚ್ಚು ಸಲ ಉಲ್ಲೇಖಿಸಿದ, ಅಂದರೆ ಸೈಟ್ ಮಾಡಿದ, ನೂರನ್ನು ಹೆಕ್ಕುವುದು. ಅವನ್ನು ಯಾರು ಬರೆದರು, ಯಾವ ದೇಶದಿಂದ, ಯಾವ ಜರ್ನಲಿನಲ್ಲಿ, ಯಾವ ದಶಕದಲ್ಲಿ ಅಂತ ಲೆಕ್ಕ ಹಾಕುವುದು. ಪೇಷೆಂಟ್ ಬೇಡ. ರೋಗಿಗಳ ಒಪ್ಪಿಗೆ ಪತ್ರ ಬೇಡ. ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಹಾಗಾಗಿಯೇ ಪ್ರತಿ ವಿಭಾಗದಲ್ಲೂ ಯಾರೋ ಒಬ್ಬರು ಇಂಥದ್ದೊಂದು ಮಾಡುತ್ತಿರುತ್ತಾರೆ. ನನಗೆ ಇದರ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಮುಖಕ್ಕೆ ಹೇಳಲಿಲ್ಲ, ಅಷ್ಟೇ.

"ವಿಷಯ ಏನು?" ಅಂದೆ.

"ಫೇಶಿಯಲ್ ರೀಕನ್‌ಸ್ಟ್ರಕ್ಷನ್."

ಕ್ಯಾನ್ಸರಿಗೆ, ಆಕ್ಸಿಡೆಂಟಿಗೆ, ಸುಟ್ಟಗಾಯಕ್ಕೆ ಕಳೆದುಹೋದ ಮುಖವನ್ನು ಮತ್ತೆ ಕಟ್ಟುವುದು. ನಮ್ಮ ಕಡೆ ಎಲೆ-ಅಡಿಕೆ, ಗುಟ್ಕಾದಿಂದ ದವಡೆ ಹೋದವರೇ ಜಾಸ್ತಿ. ವಿಷಯ ದೊಡ್ಡದು ಅಂತ ಆಗಲೇ ಅನ್ನಿಸಿತು. ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು ಹುಡುಕಲು ಕೂತ ಮೇಲೆ.

ಈ ಸೈಟೇಶನ್ ಲೆಕ್ಕ ನಮ್ಮ ಲೈಬ್ರರಿಯವರ ಮನೆಯ ಕೂಸು ಅಂತ ಹೇಳಿಕೊಳ್ಳಲು ನನಗೆ ಸ್ವಲ್ಪ ಹೆಮ್ಮೆ ಇದೆ. ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ ಇದನ್ನು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಸ್ತಾಪಿಸಿದರು. ಆಲೋಚನೆ ಬಂದಿದ್ದು ವಕೀಲರಿಂದ. ಅಮೆರಿಕದ ವಕೀಲರು ಒಂದು ಹಳೇ ತೀರ್ಪನ್ನು ಆಮೇಲೆ ಯಾವ ಯಾವ ಕೋರ್ಟು ಎತ್ತಿಕೊಂಡಿದೆ ಅಂತ ನೋಡಲು ಶೆಪರ್ಡ್ಸ್ ಎಂಬ ಪಟ್ಟಿ ಬಳಸುತ್ತಿದ್ದರು. ಗಾರ್ಫೀಲ್ಡ್ ಅದೇ ಉಪಾಯವನ್ನು ವಿಜ್ಞಾನಕ್ಕೆ ತಂದರು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಶುರುವಾಯಿತು. ಟಾಪ್ ಹಂಡ್ರೆಡ್ ಹುಚ್ಚಿನ ಮೂಲವೂ ಅವರೇ ಅನ್ನಬಹುದು. 1987ರಲ್ಲಿ ಅಮೆರಿಕದ ವೈದ್ಯರ ಸಂಘದ ಜರ್ನಲಿನಿಂದ ಅತಿ ಹೆಚ್ಚು ಸೈಟ್ ಆದ ನೂರು ಲೇಖನ ಹೆಕ್ಕಿ ಪಟ್ಟಿ ಕೊಟ್ಟಿದ್ದರು.

ನಮ್ಮ ಕಾಲೇಜಿನಲ್ಲಿ ವೈದ್ಯಕೀಯ ಪೇಪರುಗಳನ್ನು ಹುಡುಕುವ ಪಬ್‌ಮೆಡ್ ಇದೆ, ಅದು ಎಲ್ಲರಿಗೂ ಪುಕ್ಕಟೆ. ಆದರೆ ಸೈಟೇಶನ್ ಎಣಿಸಲು ಬೇಕಾದ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎರಡೂ ಇಲ್ಲ. ನನ್ನ ಎಂ.ಲಿಬ್. ಗೆಳತಿಯೊಬ್ಬಳು ಕೆಲಸ ಮಾಡುವ ಯೂನಿವರ್ಸಿಟಿಯಲ್ಲಿ ಸ್ಕೋಪಸ್ ಇತ್ತು. ಒಂದು ಶನಿವಾರ ಬಸ್ ಹತ್ತಿ ಅಲ್ಲಿಗೆ ಹೋದೆವು. ಪಿಜಿ ಡಾಕ್ಟರ್ ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಎಲ್ಲವನ್ನೂ ಅದೇ ದಿನ ಇಳಿಸಿಕೊಳ್ಳಬೇಕಿತ್ತು. ಸೈಟೇಶನ್ ಸಂಖ್ಯೆ ದಿನಾ ಏರುತ್ತಿರುತ್ತದೆ. ಇವತ್ತು ಅರ್ಧ ನಾಳೆ ಅರ್ಧ ತೆಗೆದರೆ ಪಟ್ಟಿ ಅಲ್ಲೇ ಕೆಟ್ಟ ಹಾಗೆ.

ಮೊದಲ ಸರ್ಚ್ ಹಾಕಿದೆ. 'ಫೇಶಿಯಲ್ ರೀಕನ್‌ಸ್ಟ್ರಕ್ಷನ್', ಸೈಟೇಶನ್ ಪ್ರಕಾರ ಮೇಲಿನಿಂದ ಕೆಳಗೆ. ಬಂದ ಪೇಪರುಗಳನ್ನು ನೋಡಿ ಪಿಜಿ ಡಾಕ್ಟರ್ ಕಣ್ಣುಜ್ಜಿಕೊಂಡರು. ಒಂದು ಫೋಟೋದಿಂದ ಮುಖದ ಮೂರು ಆಯಾಮದ ಮಾದರಿ ಕಟ್ಟುವ ಕಂಪ್ಯೂಟರ್ ವಿಜ್ಞಾನದ ಪೇಪರುಗಳು. ತಲೆಬುರುಡೆ ಸಿಕ್ಕಿದಾಗ ಸತ್ತವರ ಮುಖ ಹೇಗಿತ್ತು ಅಂತ ಮಣ್ಣಿನಲ್ಲಿ ಮೆತ್ತುವ ಪೊಲೀಸ್ ತನಿಖೆಯ ಪೇಪರುಗಳು. ಅವೂ ಫೇಶಿಯಲ್ ರೀಕನ್‌ಸ್ಟ್ರಕ್ಷನ್ನೇ. ಸರ್ಜರಿಯ ಒಂದು ಪೇಪರ್ ಕಾಣಲು ಕೆಳಗೆ ಹೋಗಬೇಕಾಯಿತು.

"ಫ್ಲ್ಯಾಪ್ ಅಂತ ಸೇರಿಸಿ ಮೇಡಂ" ಅಂದರು. ಫ್ಲ್ಯಾಪ್ ಅಂದರೆ ಮೈಯ ಒಂದು ಕಡೆಯಿಂದ ರಕ್ತನಾಳದ ಸಮೇತ ಎತ್ತಿ ಇನ್ನೊಂದು ಕಡೆ ಕೂರಿಸುವ ಚರ್ಮ ಮಾಂಸದ ತುಂಡು. ಸೇರಿಸಿದೆ. ವಿಮಾನದ ರೆಕ್ಕೆಯ ಫ್ಲ್ಯಾಪುಗಳು ಬಂದವು.

ಇಂಥಲ್ಲಿ ಲೈಬ್ರರಿಯನ್ ಕೆಲಸ ಶುರುವಾಗುತ್ತದೆ. ಪದಗಳನ್ನು ಒಡೆದು, ಕೂಡಿಸಿ, ಬೇಡದ್ದನ್ನು ಬೇಲಿ ಹಾಕಿ ಹೊರಗಿಟ್ಟೆ. ಮೂಗು, ತುಟಿ, ರೆಪ್ಪೆ, ದವಡೆ, ಕಿವಿ, ಕೆನ್ನೆ, ನೆತ್ತಿ, ಮುಖದ ನರ, ಒಂದೊಂದಕ್ಕೂ ಬೇರೆ ಬೇರೆ ಪದಗಳು. ಪಬ್‌ಮೆಡ್‌ನ ವಿಷಯಸೂಚಿ ಪದಗಳಿಗೆ ಮೆಶ್ ಅನ್ನುತ್ತಾರೆ, ಅದನ್ನು ನೋಡಿ ಹೊಂದಿಸಿಕೊಂಡೆ. ಸಂಜೆ ನಾಲ್ಕರ ಹೊತ್ತಿಗೆ ಜರಡಿ ಒಂದು ಹದಕ್ಕೆ ಬಂತು. ಸಾವಿರಗಟ್ಟಲೆ ಸಾಲುಗಳಿದ್ದ ಫೈಲನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಹೊರಟೆವು. ಗೆಳತಿಯ ಮನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಮಾಡಿದ್ದಳು. ಅದು ಪೇಪರಿನಲ್ಲಿ ಎಲ್ಲೂ ದಾಖಲಾಗಿಲ್ಲ.

ಆಮೇಲೆ ಎರಡು ತಿಂಗಳು ಜರಡಿಯದ್ದೇ ಕೆಲಸ. ನಾನು ಒಂದು ಕಡೆ, ಪಿಜಿ ಡಾಕ್ಟರ್ ಒಂದು ಕಡೆ, ಒಬ್ಬರದನ್ನೊಬ್ಬರು ನೋಡದೆ ಸಾರಾಂಶ ಓದಿ 'ಇರಲಿ', 'ಬೇಡ' ಅಂತ ಗುರುತು ಹಾಕಬೇಕು. ಆಮೇಲೆ ಎರಡನ್ನೂ ಅಕ್ಕಪಕ್ಕ ಇಡಬೇಕು. ಇಬ್ಬರ ಮಧ್ಯೆ ಒಪ್ಪಿಗೆ ಆಗದೇ ಇದ್ದದ್ದನ್ನು ಪಿಜಿ ಡಾಕ್ಟರಿಗೆ ಮಾರ್ಗದರ್ಶನ ಮಾಡುವ ಗೈಡ್ ತೀರ್ಮಾನಿಸಬೇಕು.

ಜಗಳ ಆದದ್ದು ಗಡಿಯಲ್ಲಿರುವ ಪೇಪರುಗಳಿಗೆ. 1985ರಲ್ಲಿ ಹೌಸ್ ಮತ್ತು ಬ್ರಾಕ್‌ಮನ್ ಮುಖದ ನರ ಎಷ್ಟು ಸೋತಿದೆ ಅಂತ ಆರು ದರ್ಜೆಯಲ್ಲಿ ಅಳೆಯುವ ಕ್ರಮ ಕೊಟ್ಟರು. ಆ ಪೇಪರ್ ಇರುವುದು ಎರಡೇ ಪುಟ. ಸೈಟೇಶನ್ ಸಾವಿರಗಳ ಲೆಕ್ಕದಲ್ಲಿ. ಅದರಲ್ಲಿ ಮುಖ ಕಟ್ಟುವ ಕೆಲಸ ಏನೂ ಇಲ್ಲ, ಬರೀ ಅಳತೆ. ಇರಲಿ ಅಂದೆ ನಾನು, ಬೇಡ ಅಂದರು ಅವರು. 1987ರ ಟೇಲರ್ ಮತ್ತು ಪಾಮರ್ ಪೇಪರ್ ಇನ್ನೊಂದು ತಲೆನೋವು. ದೇಹದ ಯಾವ ರಕ್ತನಾಳ ಯಾವ ತುಂಡು ಚರ್ಮ ಮಾಂಸಕ್ಕೆ ರಕ್ತ ಕೊಡುತ್ತದೆ ಅಂತ ನಕ್ಷೆ ಬರೆದ ಪೇಪರ್ ಅದು. ಫ್ಲ್ಯಾಪ್ ತೆಗೆಯುವ ಪ್ರತಿ ಸರ್ಜನ್ನೂ ಅದಕ್ಕೆ ಋಣಿ. ಆದರೆ ಅದು ಇಡೀ ಮೈಯದು, ಮುಖದ್ದಲ್ಲ. ಕೊನೆಗೆ ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಮುಖ, ತಲೆ, ಕತ್ತಿನ ಮರುಜೋಡಣೆ ಬಂದಿದ್ದರೆ ಮಾತ್ರ ಒಳಗೆ ಅಂತ ನಿಯಮ ಮಾಡಿಕೊಂಡೆವು. ಎರಡೂ ಹೊರಗೆ ಹೋದವು. ನಿಯಮ ಸರಿ, ಫಲ ತಪ್ಪು ಅಂತ ಈಗಲೂ ಅನ್ನಿಸುತ್ತದೆ.

ಓದುತ್ತಾ ಓದುತ್ತಾ ನನಗೆ ರುಚಿ ಹತ್ತಿತು, ಸುಳ್ಳು ಹೇಳುವುದಿಲ್ಲ. ಎದೆಯ ಸ್ನಾಯುವನ್ನು ಚರ್ಮದ ಸಮೇತ ಎತ್ತಿ ಕತ್ತಿನ ಮೂಲಕ ಬಾಯಿಗೆ ತರುವುದನ್ನು ಸ್ಟೀಫನ್ ಆರಿಯನ್ 1979ರಲ್ಲಿ ಬರೆದರು. ನಮ್ಮ ಆಸ್ಪತ್ರೆಯಲ್ಲಿ ಅದನ್ನು ಪಿಎಂಎಂಸಿ ಅಂತಾರೆ, ಇವತ್ತಿಗೂ ಬಾಯಿ ಕ್ಯಾನ್ಸರಿನ ಕೇಸುಗಳಲ್ಲಿ ಅದೇ ದುಡಿಯುವ ಎತ್ತು. ಕಾಲಿನ ಸಣ್ಣ ಮೂಳೆಯನ್ನು ತೆಗೆದು, ಕತ್ತರಿಸಿ ಮಡಿಸಿ ದವಡೆ ಮಾಡಿದ್ದನ್ನು ಡೇವಿಡ್ ಹಿಡಾಲ್ಗೊ 1989ರಲ್ಲಿ ಬರೆದರು. ಮೂಗನ್ನು ಒಂದು ಗಾಯದ ಹಾಗೆ ನೋಡದೆ ತುದಿ, ಬದಿ, ಹೊಳ್ಳೆ ಅಂತ ತುಂಡು ತುಂಡಾಗಿ ನೋಡಿ, ತುಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಉಳಿದದ್ದನ್ನೂ ತೆಗೆದು ಪೂರ್ತಿ ಹೊಸದು ಹಾಕಿ ಅಂತ ಬರ್ಗೆಟ್ ಮತ್ತು ಮೆನಿಕ್ 1985ರಲ್ಲಿ ಹೇಳಿದರು. ಇದನ್ನು ಓದಿದ ಮೇಲೆ ಬಸ್ಸಿನಲ್ಲಿ ಎದುರು ಕೂತವರ ಮೂಗನ್ನು ನಾನು ಮೊದಲಿನ ಹಾಗೆ ನೋಡಲು ಆಗಿಲ್ಲ.

ಹೆಸರುಗಳ ವಿಷಯಕ್ಕೆ ಬಂದಾಗ ನಿಜವಾದ ಕಷ್ಟ ಶುರುವಾಯಿತು.

ಯಾರು ಎಷ್ಟು ಪೇಪರಿನಲ್ಲಿದ್ದಾರೆ, ಯಾರು ಮೊದಲ ಹೆಸರು, ಯಾರು ಕೊನೆಯ ಹೆಸರು ಅಂತ ಎಣಿಸಬೇಕು. ಲೈಡನ್ ಯೂನಿವರ್ಸಿಟಿಯವರ ವಿಓಎಸ್‌ವ್ಯೂವರ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ. ಫೈಲ್ ಕೊಟ್ಟರೆ ಯಾರು ಯಾರ ಜೊತೆ ಬರೆದಿದ್ದಾರೆ ಅಂತ ಬಣ್ಣ ಬಣ್ಣದ ಜೇಡರಬಲೆ ಬಿಡಿಸುತ್ತದೆ. ನೋಡೋಕೆ ಚಂದ. ಆದರೆ ಅದಕ್ಕೆ ಗೊತ್ತಿರುವುದು ಅಕ್ಷರ ಮಾತ್ರ. ತೊಡೆಯ ಚರ್ಮದ ಫ್ಲ್ಯಾಪ್ ಬಗ್ಗೆ 1984ರಲ್ಲಿ ಬರೆದವರು ಸಾಂಗ್. ಮುಂಗೈ ಫ್ಲ್ಯಾಪ್ ಬಗ್ಗೆ 1982ರಲ್ಲಿ ಬರೆದವರೂ ಸಾಂಗ್. ಇಬ್ಬರೂ ಬೇರೆ. ಅದೇ ಇನ್ನೊಬ್ಬರು ಒಮ್ಮೆ ಒಂದು ಇನಿಶಿಯಲ್ ಹಾಕಿ, ಇನ್ನೊಮ್ಮೆ ಎರಡು ಹಾಕಿ ಇಬ್ಬರಾಗಿದ್ದರು.

ನಮ್ಮವರ ಹೆಸರುಗಳದ್ದು ಇನ್ನೂ ಮಜಾ. ಮಂಜುನಾಥ ಅಂತ ಇಟ್ಟುಕೊಳ್ಳಿ. ಹಿಂದೆ ಎರಡು ಇನಿಶಿಯಲ್, ಒಂದು ಊರಿನದು, ಒಂದು ಅಪ್ಪನದು. ವಿದೇಶಿ ಜರ್ನಲಿನ ಫಾರಂ 'ಲಾಸ್ಟ್ ನೇಮ್' ಕೇಳುತ್ತದೆ. ಒಂದು ಸಲ ಮಂಜುನಾಥ ಅಂತ ಹಾಕುತ್ತಾರೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿದ ಮೇಲೆ ಅಪ್ಪನ ಹೆಸರು ಲಾಸ್ಟ್ ನೇಮ್ ಆಗುತ್ತದೆ, ಮುಂದಿನ ಪೇಪರ್ ಅಪ್ಪನ ಹೆಸರಿನಲ್ಲಿ ಬರುತ್ತದೆ. ಇನ್ನೊಂದರಲ್ಲಿ ಊರು. ಮದುವೆಯಾದ ಹೆಣ್ಣುಮಕ್ಕಳದ್ದು ಕೇಳಲೇಬೇಡಿ. ಒಬ್ಬರೇ ಡಾಕ್ಟರ್ ಡೇಟಾಬೇಸಿನಲ್ಲಿ ಮೂವರಾಗಿ ಬದುಕುತ್ತಿರುತ್ತಾರೆ. ಅವರ ಊರು ಎಲ್ಲೂ ಓದದೆ ಎಂಡಿ ಮಾಡಿ ಪೇಪರ್ ಬರೆದಿರುತ್ತದೆ. ಇದಕ್ಕೇ 2012ರಿಂದ ಆರ್ಕಿಡ್ ಅಂತ ಹದಿನಾರು ಅಂಕಿಯ ಗುರುತು ಸಂಖ್ಯೆ ಬಂದಿದೆ. ಹೆಸರು ಏನೇ ಆಗಲಿ, ಸಂಖ್ಯೆ ಒಂದೇ. ಅಂದು ರಾತ್ರಿಯೇ ಪಿಜಿ ಡಾಕ್ಟರಿಗೆ ಒಂದು ಮಾಡಿಸಿಕೊಟ್ಟೆ. ಅವರು ಲಾಸ್ಟ್ ನೇಮ್ ಖಾನೆಯ ಮುಂದೆ ಐದು ನಿಮಿಷ ಕೂತಿದ್ದರು.

ಮುಂಗೈ ಫ್ಲ್ಯಾಪ್ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಬಾಯಿ, ನಾಲಿಗೆ, ಕೆನ್ನೆಯ ಒಳಗೆ ಹಾಕಲು ಸರ್ಜನ್‌ಗಳು ಇದನ್ನು ಬಹಳ ಇಷ್ಟಪಡುತ್ತಾರೆ. ಹಳಬರು ಚೈನೀಸ್ ಫ್ಲ್ಯಾಪ್ ಅಂತಲೂ ಕರೆಯುತ್ತಾರೆ. ಮೊದಲು ಬರೆದವರು ಯಾಂಗ್ ಗುವೋಫಾನ್ ಮತ್ತು ಜೊತೆಗಾರರು, 1981ರಲ್ಲಿ, ಚೀನೀ ಭಾಷೆಯಲ್ಲಿ. ನಮ್ಮ ಪಟ್ಟಿಯಲ್ಲಿ ಮೇಲೆ ಬಂದಿದ್ದು ಆಮೇಲೆ ಇಂಗ್ಲಿಷಿನಲ್ಲಿ ಬಂದ ಪೇಪರುಗಳು. ಬಾಯೊಳಗೆ ಅದನ್ನು ಬಳಸಿದ ಸೌಟರ್ ಅವರ 1983ರ ಪೇಪರ್ ಅಂಥದ್ದೊಂದು. ಅವರದ್ದು ಕಳ್ಳತನವೇನೂ ಅಲ್ಲ, ಮೂಲವನ್ನು ಹೇಳಿಯೇ ಬರೆದಿದ್ದಾರೆ. ಆದರೆ ಆಮೇಲೆ ಬಂದವರು ಓದಲು ಬರುವ ಭಾಷೆಯ ಪೇಪರನ್ನು ಎತ್ತಿಕೊಂಡರು. ಕನ್ನಡದಲ್ಲಿ ಯಾರಾದರೂ ಒಂದು ಹೊಸ ಆಪರೇಶನ್ ಬಗ್ಗೆ ಬರೆದರೆ ಏನಾಗಬಹುದು ಅಂತ ಯೋಚಿಸಿ ನಗು ಬಂತು. ನಗು ಬರಬಾರದಿತ್ತು.

ಪುಸ್ತಕಗಳದ್ದೂ ಅದೇ ಗತಿ. ಮೊದಲ ಮಹಾಯುದ್ಧದಲ್ಲಿ ಮುಖ ಹೋದ ಸೈನಿಕರಿಗೆ ಸಿಡ್‌ಕಪ್ ಆಸ್ಪತ್ರೆಯಲ್ಲಿ ಮುಖ ಕಟ್ಟಿದ ಹೆರಾಲ್ಡ್ ಗಿಲ್ಲೀಸ್ 1920ರಲ್ಲಿ ಬರೆದ ಪುಸ್ತಕ ಈ ಕ್ಷೇತ್ರದ ತಾಯಿಬೇರು. ಅದು ಲೇಖನವಲ್ಲ, ಹಾಗಾಗಿ ನಮ್ಮ ಪಟ್ಟಿಯಲ್ಲಿ ಇಲ್ಲ. ಜೊತೆಗೆ ತುಂಬಾ ಹಳೇ, ತುಂಬಾ ಮುಖ್ಯವಾದ ವಿಷಯವನ್ನು ಯಾರೂ ಸೈಟ್ ಮಾಡುವುದೇ ಇಲ್ಲ. ಎಲ್ಲರಿಗೂ ಗೊತ್ತು ಅಂತ ಬಿಟ್ಟುಬಿಡುತ್ತಾರೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಒಳಗೆ ಸೇರಿಸಿಕೊಂಡು ಅಳಿಸಿಹಾಕುವುದು ಅನ್ನುವ ಅರ್ಥದಲ್ಲಿ ಹೇಳಿದ್ದಾರೆ. ಸಾರಿನ ಉಪ್ಪಿನ ಹಾಗೆ. ಎಲ್ಲದರಲ್ಲೂ ಇರುತ್ತದೆ, ಕಾಣುವುದಿಲ್ಲ.

ಇಷ್ಟಾದ ಮೇಲೆ ಪಿಜಿ ಡಾಕ್ಟರ್ ಪೇಪರಿನ ಪೀಠಿಕೆ ಬರೆದು ತಂದರು. ಮೊದಲ ವಾಕ್ಯದಲ್ಲೇ ಸುಶ್ರುತ. ಕ್ರಿಸ್ತಪೂರ್ವ 600ರಲ್ಲಿ ಸುಶ್ರುತ ಹಣೆಯ ಚರ್ಮದಿಂದ ಮೂಗು ಕಟ್ಟಿದ, ಅಂತ. ಕೊನೆಗೆ ಒಂದು ರೆಫರೆನ್ಸ್ ಸಂಖ್ಯೆ.

"ಇದನ್ನ ನೋಡಿದ್ದೀರಾ?" ಅಂತ ಕೇಳಿದೆ.

"ಎಲ್ಲಾ ಪೇಪರಲ್ಲೂ ಹೀಗೇ ಇದೆ ಮೇಡಂ."

ಎಲ್ಲಾ ಪೇಪರಲ್ಲೂ ಹೀಗೇ ಇದೆ ಅಂದರೆ ನನಗೆ ಕಿವಿ ನೆಟ್ಟಗಾಗುತ್ತದೆ. 2003ರಲ್ಲಿ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬಿಬ್ಬರು ರೆಫರೆನ್ಸ್ ಪಟ್ಟಿಗಳಲ್ಲಿರುವ ಅಚ್ಚಿನ ತಪ್ಪುಗಳನ್ನು ಹಿಂಬಾಲಿಸಿದ್ದರು. ಒಬ್ಬರು ಮಾಡಿದ ಪುಟಸಂಖ್ಯೆಯ ತಪ್ಪು ಮುಂದಿನ ಹತ್ತಾರು ಪೇಪರಿನಲ್ಲಿ ಹಾಗೇ ಬಂದರೆ ಅರ್ಥ ಏನು? ಮೂಲ ನೋಡದೆ ನಕಲು ಹೊಡೆದಿದ್ದಾರೆ ಅಂತ ತಾನೆ? ಸೈಟ್ ಮಾಡುವವರಲ್ಲಿ ಮೂಲವನ್ನು ಓದುವವರು ಸುಮಾರು ನೂರಕ್ಕೆ ಇಪ್ಪತ್ತು ಮಂದಿ ಅಂತ ಅವರ ಅಂದಾಜು.

ಪಕ್ಕದ ಆಯುರ್ವೇದ ಕಾಲೇಜಿನ ಲೈಬ್ರರಿಯನ್ ನನ್ನ ಪರಿಚಯದವರು. ಸುಶ್ರುತ ಸಂಹಿತೆ ತರಿಸಿಕೊಂಡೆ. ಸೂತ್ರಸ್ಥಾನದ 16ನೇ ಅಧ್ಯಾಯ. ಮೂಗಿನ ಅಳತೆಗೆ ಮರದ ಎಲೆಯೊಂದನ್ನು ತೆಗೆದುಕೊಂಡು, ಆ ಅಳತೆಗೆ ಚರ್ಮ ಕೊಯ್ದು ಮೂಗಿಗೆ ಕಟ್ಟಬೇಕು, ಹೊಳ್ಳೆಗೆ ಎರಡು ನಳಿಗೆ ಇಡಬೇಕು. ಚರ್ಮ ಎಲ್ಲಿಂದ? 'ಗಂಡಪಾರ್ಶ್ವಾತ್'.

ಪಿಜಿ ಡಾಕ್ಟರ್ ನಕ್ಕುಬಿಟ್ಟರು. "ಗಂಡನ ಸೈಡಿಂದನಾ ಮೇಡಂ?"

ಗಂಡ ಅಂದರೆ ಸಂಸ್ಕೃತದಲ್ಲಿ ಕೆನ್ನೆ. ಆನೆಯ ಗಂಡಸ್ಥಳ ಅಂತೀವಲ್ಲ, ಅದೇ. ಹಣೆ ಅಲ್ಲಿ ಎಲ್ಲೂ ಇಲ್ಲ. ಹಣೆಯ ಚರ್ಮದ ಕಥೆ ಬರುವುದು ಎಷ್ಟೋ ಕಾಲದ ಮೇಲೆ, ಬೇರೆ ಕಡೆಯಿಂದ. ಆ ಕಥೆಗೆ ನಮ್ಮ ನೆಲದ ನಂಟೂ ಇದೆ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಒಂದು ಪತ್ರ ಹಾಕಿತು. ಸ್ಕ್ಯಾನ್ ಸಿಕ್ಕಿತು, ಕೂತು ಓದಿದೆ. ಕೊವಾಸ್ಜಿ ಎಂಬ ಮರಾಠ, ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿಯವನು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮುಗಿದ ಆ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಅಂತ ಪತ್ರ ಹೇಳುತ್ತದೆ. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಒಬ್ಬರು ಹೊಸ ಮೂಗು ಕಟ್ಟಿದರು. ತೆಳ್ಳನೆ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಗೆರೆಯ ಒಳಗಿನ ಚರ್ಮ ಎತ್ತಿ, ಕಣ್ಣುಗಳ ನಡುವೆ ಒಂದು ಕೊಂಡಿ ಉಳಿಸಿ, ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿದರು. ಅಂಟಿಸಲು ಹೊಲಿಗೆ ಇಲ್ಲ. ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗೆ ಬಳಿದು, ಐದಾರು ಪಟ್ಟಿ ಒಂದರ ಮೇಲೊಂದು. ನಾಲ್ಕು ದಿನ ಹಾಗೇ ಬಿಟ್ಟು, ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನ ಕೊಂಡಿ ಕತ್ತರಿಸಿದರು.

ಕಾಚು! ನಮ್ಮ ಎಲೆ-ಅಡಿಕೆಯ ಕಾಚು. ಯಾವ ಸಹವಾಸದಿಂದ ಇವತ್ತು ನಮ್ಮ ವಾರ್ಡ್ ತುಂಬುತ್ತಿದೆಯೋ ಅದೇ ಸಾಮಾನು ಆಗ ಮೂಗು ಅಂಟಿಸುತ್ತಿತ್ತು.

ಈ ಪತ್ರ ಯೂರೋಪಿನಲ್ಲಿ ಗದ್ದಲ ಎಬ್ಬಿಸಿತು. ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ಸರ್ಜನ್ 1814ರಲ್ಲಿ ಈ ಕ್ರಮದಲ್ಲಿ ಆಪರೇಶನ್ ಮಾಡಿ, 1816ರಲ್ಲಿ ಎರಡು ಕೇಸುಗಳ ಪುಸ್ತಕ ಬರೆದರು. ಅಲ್ಲಿಂದ ಮುಂದೆ ಸೈಟೇಶನ್ನಿನ ಸರಪಳಿ ಶುರು.

ನಾನು ಒಂದು ಚೀಟಿಯಲ್ಲಿ ಹೆಸರು ಬರೆದುಕೊಂಡೆ, ನಮ್ಮ ಎಕ್ಸೆಲ್ ಶೀಟಿನ ಅಭ್ಯಾಸ. ರೋಗಿ: ಕೊವಾಸ್ಜಿ, ಗೊತ್ತು. ಕೊವಾಸ್ಜಿಯ ಚಿತ್ರ ಬರೆದವರು: ಜೇಮ್ಸ್ ವೇಲ್ಸ್, ಗೊತ್ತು. ಆಪರೇಶನ್ ಕಣ್ಣಾರೆ ನೋಡಿದ ಇಬ್ಬರು ಬ್ರಿಟಿಷ್ ವೈದ್ಯರು: ಥಾಮಸ್ ಕ್ರೂಸೋ, ಜೇಮ್ಸ್ ಫಿಂಡ್ಲೆ. ಈ ಎರಡನೆಯವರು ಎಷ್ಟೋ ಪೇಪರುಗಳಲ್ಲಿ ಟ್ರಿಂಡ್ಲೆ ಆಗಿದ್ದಾರೆ. ಪತ್ರ ಬರೆದವರು: ಬಿ.ಎಲ್. ಅಂತ ಸಹಿ, ಎರಡು ಇನಿಶಿಯಲ್ಲಾದರೂ ಇದೆ. ಕತ್ತಿ ಹಿಡಿದವರು: ಇಟ್ಟಿಗೆ ಮಾಡುವ ಜಾತಿಯವನು. ಅಷ್ಟೇ. ಹೆಸರಿಲ್ಲ.

ಆ ವಾರದಲ್ಲೇ ಕ್ಯಾಂಟೀನಿನಲ್ಲಿ ಒಬ್ಬರು ಸಿಕ್ಕಿದರು. ಮುಖಕ್ಕೆ ಟವೆಲ್ ಅಡ್ಡ ಹಿಡಿದು ಟೀ ಕುಡಿಯಲು ಒದ್ದಾಡುತ್ತಿದ್ದರು. ಪಿಜಿ ಡಾಕ್ಟರ್ ಜೊತೆಗಿದ್ದರು, ಮಾತಾಡಿಸಿದರು. ಸಂಡೂರಿನ ಕಡೆಯವರು. ಬೆಳಗಿನ ಜಾವ ಹೊಲಕ್ಕೆ ಹೋದಾಗ ಕರಡಿ ಮೇಲೆ ಬಿದ್ದಿತ್ತು. ಆ ಕಡೆ ಗುಡ್ಡಗಳಲ್ಲಿ ಕರಡಿ ಜಾಸ್ತಿ, ದರೋಜಿಯ ಕರಡಿಧಾಮವೂ ಅದೇ ಸೀಮೆ. ಕರಡಿ ಹೊಡೆಯುವುದು ಮುಖಕ್ಕೇ. ಟವೆಲ್ ಸ್ವಲ್ಪ ಸರಿಸಿದರು. ಹಣೆಯಿಂದ ಮೂಗಿನ ತನಕ ಚರ್ಮದ ಒಂದು ಸೇತುವೆ.

"ಇನ್ನ ಹತ್ತು ದಿವ್ಸ ಐತಂತ್ರಿ ಮೇಡಂ. ಆಮ್ಯಾಲೆ ಈ ಸೊಂಡ್ಲು ಕೊಯ್ತಾರಂತ."

ನನಗೆ ತಲೆ ಸುತ್ತಲಿಲ್ಲ. ಇನ್ನೂರಮೂವತ್ತು ವರ್ಷದ ಹಿಂದಿನ ಆ ಕೊಂಡಿಯನ್ನೇ ನೋಡುತ್ತಿದ್ದೆ. ಅವರಿಗೆ ಕೊವಾಸ್ಜಿಯ ಕಥೆ ಹೇಳಬೇಕು ಅನ್ನಿಸಿತು. ಆದರೆ ಅವರಿಗೆ ಬೇಕಿದ್ದದ್ದು ಸ್ಟ್ರಾ. ಕೌಂಟರಿನಿಂದ ತಂದುಕೊಟ್ಟೆ.

ಪೀಠಿಕೆ ತಿದ್ದಿ ಬರೆದೆವು. ಸುಶ್ರುತನಿಗೆ ಕೆನ್ನೆ, ಪುಣೆಯ ಹೆಸರಿಲ್ಲದವನಿಗೆ ಹಣೆ. ಡ್ರಾಫ್ಟ್ ವಿಭಾಗದ ಮುಖ್ಯಸ್ಥರಾದ ಎಚ್‌ಓಡಿ ಸರ್ ಹತ್ತಿರ ಹೋಯಿತು. ಅವರು ನಿಜಕ್ಕೂ ಓದಿದರು. 1992ರ ಮೆಕಾರ್ಥಿ ಪೇಪರನ್ನು, ದವಡೆಯನ್ನು ದಿನಾ ಸ್ವಲ್ಪ ಸ್ವಲ್ಪ ಎಳೆದು ಉದ್ದ ಮಾಡುವುದರ ಬಗ್ಗೆ ಅದು, ನಾವು ತಪ್ಪು ಗುಂಪಿಗೆ ಸೇರಿಸಿದ್ದನ್ನು ಹಿಡಿದರು. ಮೂರು ಕಡೆ ಕೆಂಪು ಶಾಯಿ. ಮೊದಲ ಪುಟದಲ್ಲಿ ಹೆಸರುಗಳ ಸಾಲಿನಲ್ಲೂ ಕೆಂಪು ಶಾಯಿ ಇತ್ತು.

ನಮ್ಮ ಪ್ರಕಾರ ಪಿಜಿ ಡಾಕ್ಟರ್, ಗೈಡ್, ನಾನು, ಟೇಬಲ್ ಹಾಕಲು ಸಹಾಯ ಮಾಡಿದ ಇನ್ನೊಬ್ಬ ಪಿಜಿ, ಕೊನೆಗೆ ಎಚ್‌ಓಡಿ. ಐದು. ಈಗಲೂ ಐದೇ, ಆದರೆ ಅದೇ ಐದಲ್ಲ. ಮೂರನೇ ಜಾಗಕ್ಕೆ ಬೇರೆ ಒಬ್ಬರು ಬಂದಿದ್ದರು. ಬಡ್ತಿಗೆ ಕಾಯುತ್ತಿದ್ದ ಪ್ರೊಫೆಸರೊಬ್ಬರು. ಆಗಿನ ನಿಯಮದ ಪ್ರಕಾರ ಬಡ್ತಿಗೆ ಲೆಕ್ಕಕ್ಕೆ ಬರಬೇಕಾದರೆ ಮೊದಲ ಮೂರು ಹೆಸರಿನಲ್ಲಿ ಇರಬೇಕು, ಇಲ್ಲವೇ ಜರ್ನಲಿನ ಜೊತೆ ಪತ್ರವ್ಯವಹಾರ ಮಾಡುವ ಕರೆಸ್ಪಾಂಡಿಂಗ್ ಆಥರ್ ಆಗಿರಬೇಕು. ಹಾಗಾಗಿ ಮೂರನೆಯದು. ನನ್ನನ್ನು ಪೂರ್ತಿ ತೆಗೆದು ಕೊನೆಯ ಧನ್ಯವಾದಕ್ಕೆ ಹಾಕಿದ್ದರು. ಪಿಜಿ ಡಾಕ್ಟರ್ ಮಂಕಾಗಿ ಬಂದು ಹೇಳಿದರು. "ನಾನೇನೂ ಮಾಡೋಕಾಗ್ಲಿಲ್ಲ ಮೇಡಂ, ಎಕ್ಸಾಂ ಇದೆ ನಂಗೆ."

ನಾನೇ ಹೋದೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ, ಐಸಿಎಂಜೆಇ ಅಂತಾರೆ, 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿ ಶುರುವಾದದ್ದು. ಅದರ ನಿಯಮಗಳನ್ನು ಪ್ರಿಂಟ್ ಹಾಕಿ ತೆಗೆದುಕೊಂಡು ಹೋದೆ. ಲೇಖಕ ಅನ್ನಿಸಿಕೊಳ್ಳಲು ನಾಲ್ಕೂ ಆಗಬೇಕು. ಯೋಚನೆಯಲ್ಲೋ ಮಾಹಿತಿಯಲ್ಲೋ ಗಟ್ಟಿ ಕೆಲಸ, ಬರವಣಿಗೆ ಇಲ್ಲವೇ ತಿದ್ದುವಿಕೆ, ಕೊನೆಯ ರೂಪಕ್ಕೆ ಒಪ್ಪಿಗೆ, ಆಮೇಲೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ. ಈ ನಾಲ್ಕನೆಯದನ್ನು 2013ರಲ್ಲಿ ಸೇರಿಸಿದ್ದು. ಬರೀ ಮೇಲುಸ್ತುವಾರಿ ಮಾಡಿದ್ದಕ್ಕೆ ಲೇಖಕ ಆಗುವುದಿಲ್ಲ ಅಂತಲೂ ಅದರಲ್ಲಿ ಬಿಡಿಸಿ ಹೇಳಿದ್ದಾರೆ.

ಸರ್ ಗದರಲಿಲ್ಲ. ಅದೇ ಕಷ್ಟ. ಕುರ್ಚಿ ತೋರಿಸಿದರು, ಕಾಫಿ ಹೇಳಿದರು.

"ನೀವು ಹೇಳೋದು ಸರಿ ಮೇಡಂ. ಎರಡು ಮಕ್ಕಳು ಅವರಿಗೆ, ನಾಲ್ಕು ವರ್ಷದಿಂದ ಕಾಯ್ತಿದಾರೆ. ಒಂದು ಹೆಸರು ಹಾಕಿದ್ರೆ ನಿಮ್ಗೇನು ಹೋಗುತ್ತೆ, ಶಾಯಿ ಖರ್ಚಾ?"

"ನನ್ನ ಹೆಸರು ತೆಗೆದಿದ್ದೀರಲ್ಲ ಸರ್. ಅದರಿಂದ ಶಾಯಿ ಉಳೀತಾ?" ಅಂದೆ. ಅಂದ ಮೇಲೆ ನನಗೇ ಭಯವಾಯಿತು.

ಅವರು ನಕ್ಕರು. ನನ್ನ ಹೆಸರು ವಾಪಸು ಬಂತು, ನಾಲ್ಕನೆಯದಾಗಿ. ಮೂರನೆಯದು ಹಾಗೇ ಇತ್ತು. ಅದನ್ನು ಮತ್ತೆ ಎತ್ತುವ ಧೈರ್ಯ ನನಗೆ ಬರಲಿಲ್ಲ. ನನ್ನದು ಸಿಕ್ಕಿತಲ್ಲ ಅಂತ ಒಳಗೆ ಸಮಾಧಾನವೂ ಆಗಿತ್ತು, ಅದನ್ನೂ ಹೇಳಬೇಕು.

ಮೊದಲ ಜರ್ನಲ್ ಮೂರೇ ದಿನದಲ್ಲಿ ವಾಪಸು ಕಳಿಸಿತು. ಇಂಥ ಪಟ್ಟಿಗಳು ತುಂಬಾ ಬರುತ್ತಿವೆ, ಓದಿ ಓದಿ ಸಾಕಾಗಿದೆ ಅನ್ನುವ ಧಾಟಿ. ನನಗೆ ಸಿಟ್ಟು ಬರಲಿಲ್ಲ, ನಾನೂ ಮೊದಲ ದಿನ ಅದನ್ನೇ ಅಂದುಕೊಂಡಿದ್ದೆನಲ್ಲ. ಎರಡನೆಯ ಕಡೆ ಪರಿಶೀಲಿಸಿದವರಲ್ಲಿ ಒಬ್ಬರು ಒಳ್ಳೆಯ ಮಾತು ಹೇಳಿದರು. ಹಳೇ ಪೇಪರಿಗೆ ಸೈಟ್ ಆಗಲು ಹೆಚ್ಚು ವರ್ಷ ಸಿಕ್ಕಿರುತ್ತದೆ, ವರ್ಷಕ್ಕೆ ಎಷ್ಟು ಅಂತ ಭಾಗಿಸಿ ನೋಡಿ ಅಂತ. ನೋಡಿದೆವು, ಕ್ರಮ ಅಲುಗಾಡಿತು. ಫ್ರಾನ್ಸಿನ ಅಮಿಯೆನ್‌ನಲ್ಲಿ 2005ರ ನವೆಂಬರ್‌ನಲ್ಲಿ ನಡೆದ ಮೊದಲ ಮುಖ ಕಸಿಯ ಬಗ್ಗೆ 2006ರಲ್ಲಿ 'ಲ್ಯಾನ್ಸೆಟ್' ಹಾಕಿದ ಪೇಪರ್ ಸರಸರ ಮೇಲೇರಿತು. ಇನ್ನೊಬ್ಬ ಪರಿಶೀಲಕರು ಮೂರು ಪೇಪರ್ ಸೇರಿಸಿ ಅಂತ ಸೂಚಿಸಿದರು. ಮೂರರಲ್ಲೂ ಒಬ್ಬರದೇ ಹೆಸರು. ಸೈಟೇಶನ್ ಎಣಿಸುವ ಪೇಪರಿಗೇ ಸೈಟೇಶನ್ ಕೇಳಿದರು, ಅಲ್ವಾ! ಒಂದು ಹೊಂದುತ್ತಿತ್ತು, ಅದನ್ನು ಹಾಕಿದೆವು.

ಒಪ್ಪಿಗೆ ಬಂದಾಗ ಪಿಜಿ ಡಾಕ್ಟರ್ ಎಕ್ಸಾಂ ಮುಗಿಸಿ ಬೇರೆ ಊರಿಗೆ ಹೋಗಿದ್ದರು. ಫೋನಿನಲ್ಲಿ ಕೂಗಿದರು. ಸಂಡೂರಿನವರು ಫಾಲೋಅಪ್‌ಗೆ ಟವೆಲ್ ಇಲ್ಲದೆ ಬಂದಿದ್ದರು ಅಂತ ಅವರ ಜೂನಿಯರ್ ಹೇಳಿದರಂತೆ.

ಜರ್ನಲ್ ಕೊನೆಯದಾಗಿ ಒಂದು ಫಾರಂ ಕೇಳಿತು. ಪ್ರತಿ ಲೇಖಕರ ಮುಂದೆ ಅವರು ಮಾಡಿದ ಕೆಲಸ ಬರೆಯಬೇಕು. ಕ್ರೆಡಿಟ್ ಅಂತ ಹದಿನಾಲ್ಕು ಬಗೆಯ ಕೆಲಸಗಳ ಪಟ್ಟಿ ಇದೆ, ಅದರಿಂದ ಆರಿಸಬೇಕು. ಫಾರಂ ತುಂಬುವ ಕೆಲಸ ನನಗೇ ಬಂತು. ಪಿಜಿ ಡಾಕ್ಟರ್: ಯೋಚನೆ, ಮಾಹಿತಿ, ಬರವಣಿಗೆ. ಗೈಡ್: ವಿಧಾನ, ತಿದ್ದುವಿಕೆ. ನಾನು: ಹುಡುಕಾಟ, ಮಾಹಿತಿ ಜೋಡಣೆ, ಬರವಣಿಗೆಯ ತಿದ್ದುವಿಕೆ. ಇನ್ನೊಬ್ಬ ಪಿಜಿ: ಚಿತ್ರ ಮತ್ತು ಟೇಬಲ್. ಎಚ್‌ಓಡಿ ಸರ್: ತಿದ್ದುವಿಕೆ. ಮೂರನೆಯ ಹೆಸರಿನ ಮುಂದೆ ಪೆನ್ನು ನಿಂತಿತು. ಖಾಲಿ ಬಿಟ್ಟು ಸಹಿಗಳಿಗೆ ಕಳಿಸಿದೆ.

ಎರಡು ದಿನ ಬಿಟ್ಟು ಫಾರಂ ವಾಪಸು ಬಂತು. ಆರೂ ಸಹಿ ಇದ್ದವು. ಖಾಲಿ ಬಿಟ್ಟ ಖಾನೆಯಲ್ಲಿ ಬೇರೆ ಯಾರದೋ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ 'ಸೂಪರ್‌ವಿಷನ್' ಅಂತ ಬರೆದಿತ್ತು. ಕೆಳಗೆ ಅಚ್ಚಾದ ಸಾಲು: ಮೇಲಿನ ಎಲ್ಲರೂ ಲೇಖಕರಾಗುವ ಅರ್ಹತೆ ಹೊಂದಿದ್ದಾರೆ ಎಂದು ನಾವು ದೃಢೀಕರಿಸುತ್ತೇವೆ. ನಾಲ್ಕನೇ ಸಹಿ ನನ್ನದೇ, ಮೊದಲೇ ಹಾಕಿಟ್ಟಿದ್ದೆ. ಸ್ಕ್ಯಾನ್ ಮಾಡಿ ಕಳಿಸಿದೆ.